ಹನ್ನೆರಡು ಜನ ಹಿಡಿಸುವ ಕಾರು

ಅವರು ತೀರಿಕೊಂಡ ದಿನ ಅಂಗಳದ ಬೆಂಚಿನ ಮೇಲೆ ಕೂತವರು ಅವರ ಗುಣಗಾನಕ್ಕೆ ಶುರು ಮಾಡಿ, ಸ್ವಲ್ಪ ಹೊತ್ತಿಗೆಲ್ಲ ಅವರ ಕಾರಿಗೆ ಬಂದು ನಿಂತರು. ಒಬ್ಬರು ತಾವು ಅದರಲ್ಲಿ ಒಂಬತ್ತು ಜನ ಕೂತು ಕೆಂಗೇರಿಗೆ ಹೋಗಿದ್ದನ್ನು ಹೇಳಿದರು. ಇನ್ನೊಬ್ಬರು ಒಂಬತ್ತಲ್ಲ ಹನ್ನೊಂದು ಅಂದರು. ಮೂಲೆ ಅಂಗಡಿಯ ಶೆಟ್ಟರು ಅದನ್ನು ಹದಿನಾಲ್ಕಕ್ಕೆ ಮುಟ್ಟಿಸಿದರು. ಒಳಗೆ ಚಾಪೆಯ ಮೇಲೆ ಮಲಗಿದ್ದವರಿಗೆ ಜೀವವಿದ್ದಿದ್ದರೆ ಎದ್ದು ಬಂದು ಹದಿನೈದು ಮಾಡುತ್ತಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ.

ಅವರ ಹೆಸರು ಬೇಡ. ಅಚ್ಚಿನಲ್ಲಿ ತಮ್ಮ ಹೆಸರು ಬಂದಿದೆ ಎಂದು ತಿಳಿದರೆ ಪರಲೋಕದಲ್ಲೂ ಕಾಗದ ಹಿಡಿದುಕೊಂಡು ಮನೆ ಮನೆ ತಿರುಗುತ್ತಾರೆ, ಪಾಪ, ಅಲ್ಲಿಯವರಿಗೆ ಯಾಕೆ ಕಷ್ಟ? ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಓವರ್ಸೀಯರು ಎಂದೇ ಕರೆಯುತ್ತಿದ್ದೆವು. ಸರ್ಕಾರದ ಪರವಾಗಿ ಮೋರಿ, ಸಣ್ಣ ಸೇತುವೆ ಕಟ್ಟಿಸುವುದು ಅವರ ಕೆಲಸ. ಕೆಲಸದ ಜಾಗದಲ್ಲಿ ಟೇಪು ಹಿಡಿದರೆ ಅರ್ಧ ಅಂಗುಲ ಆಚೀಚೆ ಆಗಲು ಬಿಡುತ್ತಿರಲಿಲ್ಲವಂತೆ. ಮನೆಗೆ ಬಂದ ಕೂಡಲೇ ಟೇಪನ್ನು ಗೂಟಕ್ಕೆ ನೇತುಹಾಕಿ ಬಾಯಿಂದ ಅಳೆಯಲು ಶುರು ಮಾಡುತ್ತಿದ್ದರು.

ಏನನ್ನು ವರ್ಣಿಸುವಾಗಲೂ ಎರಡು ಅಂಗೈಗಳನ್ನು ಎದುರುಬದುರು ಹಿಡಿದು ಇಷ್ಟು ಎಂದು ತೋರಿಸುವುದು ಅವರ ಅಭ್ಯಾಸ. ತೋರಿಸಿ, ನಮ್ಮ ಮುಖ ನೋಡುತ್ತಿದ್ದರು. ಮುಖದಲ್ಲಿ ಸಾಕಷ್ಟು ಆಶ್ಚರ್ಯ ಕಾಣದಿದ್ದರೆ ಕೈಗಳು ಇನ್ನೊಂದಿಷ್ಟು ದೂರ ಸರಿಯುತ್ತಿದ್ದವು. ಅವರ ಹಿತ್ತಿಲಿನ ಒಂದು ಹೀರೆಕಾಯಿ ಒಂದೇ ಸಂಜೆಯಲ್ಲಿ ಗೇಣಿನಿಂದ ಮೊಳಕ್ಕೆ ಬೆಳೆದದ್ದನ್ನು ನಾನು ಅವರ ಜಗಲಿಯ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ. ಆಮೇಲೆ ಅವರ ಹೆಂಡತಿ ಅದೇ ಹೀರೆಕಾಯಿಯ ಬಜ್ಜಿ ತಂದುಕೊಟ್ಟರು, ನನ್ನ ಪಾಲಿಗೆ ಎರಡು ಬಂದವು.

ರಾಜಾಜಿನಗರ ಆಗ ಇನ್ನೂ ಹೊಸ ಬಡಾವಣೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಬೀದಿಗಳಿಗೆ ನಂಬರು ಕೊಟ್ಟಿದ್ದರು, ಬೀದಿಗಳನ್ನು ಮಾತ್ರ ಕೊಟ್ಟಿರಲಿಲ್ಲ. ದೀಪ ಬರುತ್ತದೆ ಎನ್ನುತ್ತಿದ್ದರು, ಕಂಬ ಬಂದಿತ್ತು. ಬಸ್ಸು ಹಿಡಿಯಬೇಕಾದರೆ ಕತ್ತಾಳೆ ಪೊದೆ ದಾಟಿಕೊಂಡು ಮಾಗಡಿ ರಸ್ತೆಯ ತನಕ ನಡೆಯಬೇಕಿತ್ತು. ಇಂಥ ಕಡೆ ಎರಡು ಕೋಣೆಯ ಮನೆ ಕಟ್ಟಿಕೊಂಡು, ಆ ಎರಡರಲ್ಲಿ ದೊಡ್ಡದಕ್ಕೆ ಹಾಲ್ ಎಂದು ಹೆಸರಿಟ್ಟುಕೊಂಡು, ಓವರ್ಸೀಯರು ನಮ್ಮೆದುರಿಗೇ ಬಂದು ನೆಲೆಸಿದ್ದರು. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ನಾನು ಹತ್ತಿರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು.

ಬಡಾಯಿಗಾರರಲ್ಲಿ ಸಾಮಾನ್ಯವಾಗಿ ಕೈ ಬಿಗಿ ಇರುತ್ತದೆ. ಇವರಲ್ಲಿ ಅದಿರಲಿಲ್ಲ, ಅದನ್ನು ಒಪ್ಪಿಕೊಳ್ಳದಿದ್ದರೆ ಪಾಪ ಬರುತ್ತದೆ. "ಮನಸ್ಸಿದ್ರೆ ಜಾಗ ಇದ್ದೇ ಇರುತ್ತೆ" ಎನ್ನುವುದು ಅವರ ಮಾತು. ಗೃಹಪ್ರವೇಶಕ್ಕೆ ಆ ಎರಡು ಕೋಣೆಗೆ ಅರ್ಧ ಬಡಾವಣೆಯನ್ನೇ ಕರೆದಿದ್ದರು. ಜಗಲಿ, ಹಿತ್ತಿಲು, ಬಚ್ಚಲ ಪಕ್ಕದ ಓಣಿ, ಎಲ್ಲ ಕಡೆ ಎಲೆ ಹಾಕಿಸಿದರು. ಬಂದವರಲ್ಲಿ ಒಬ್ಬರೂ ಉಣ್ಣದೆ ಹೋಗಲಿಲ್ಲ. ಅಷ್ಟೂ ಜನಕ್ಕೆ ಬೇಯಿಸಿ ಬಡಿಸಿದ ಹೆಂಗಸು ಯಾವಾಗ ಉಂಡರು, ಎಲ್ಲಿ ಕೂತು ಉಂಡರು ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಮಾತು ಕಮ್ಮಿ, ಅದಕ್ಕೆ ಕಾರಣವೂ ಇತ್ತು. ಆ ಮನೆಯ ಪಾಲಿನ ಮಾತನ್ನೆಲ್ಲ ಗಂಡನೇ ಆಡಿ ಮುಗಿಸುತ್ತಿದ್ದರು.

ಅಕ್ಕನಿಗೆ ಮಂಡಿನೋವು. ಬಸ್ಸಿನ ತನಕ ನಡೆದರೆ ಎರಡು ದಿನ ಕಾಲು ಊದುತ್ತಿತ್ತು. ಆ ಕಾರಣಕ್ಕೇ ಕಾರು ಕೊಳ್ಳುತ್ತಿದ್ದೇನೆ ಎಂದು ಓವರ್ಸೀಯರು ಬೀದಿಗೆಲ್ಲ ಹೇಳಿದರು. ಸೇಲಂ ಕಡೆಯ ಬೆಟ್ಟದಲ್ಲಿ ಕಾಫಿ ತೋಟ ಇಟ್ಟುಕೊಂಡಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಮಾರಿದ ಕಪ್ಪು ಕಾರು, ಎರಡು ಕೈ ದಾಟಿ ಇವರ ಕೈಗೆ ಬಂತು. ದೊಡ್ಡದಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು? ಎರಡು ಕಡೆ ಅಗಲವಾದ ಫುಟ್‌ಬೋರ್ಡು, ಒತ್ತಿದರೆ ಮೂಗು ಹಿಡಿದ ಎಮ್ಮೆಯ ಹಾಗೆ ಕೂಗುವ ರಬ್ಬರಿನ ಹಾರ್ನು. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಿದರೆ ಒಮ್ಮೊಮ್ಮೆ ಹೊರಡುತ್ತಿತ್ತು.

ಕಾರು ಬಂದ ಮೊದಲ ಭಾನುವಾರ ಇಬ್ಬರೂ ಗವಿಪುರದ ಗುಡಿಗೆ ಹೋಗುವುದೆಂದು ಮಾತಾಗಿತ್ತು. ಅಕ್ಕ ಹೊಸ ಸೀರೆ ಉಟ್ಟು, ಹೂ ಮುಡಿದು ಬಾಗಿಲಿಗೆ ಬಂದರು. ಅಷ್ಟರಲ್ಲಿ ಹ್ಯಾಂಡಲ್ಲಿನ ಸದ್ದಿಗೆ ಬೀದಿ ಎದ್ದಿತ್ತು. ಶೆಟ್ಟರು ಸುಮ್ಮನೆ ನೋಡಲು ಬಂದರು. ಬನ್ನಿ ಶೆಟ್ಟರೇ ಜಾಗ ಇದೆ ಎಂದರು ಇವರು. ಶೆಟ್ಟರು ಹತ್ತಿದ ಮೇಲೆ ಅವರ ಹೆಂಡತಿ, ಅವರ ಅತ್ತೆ, ನಾಲ್ಕು ಮಕ್ಕಳು ಹತ್ತಿದರು. ನನ್ನನ್ನೂ ನನ್ನ ಹೆಂಡತಿಯನ್ನೂ ಕೈ ಹಿಡಿದು ಎಳೆದು ಕೂರಿಸಿದರು. ಕೊನೆಗೆ ಅಕ್ಕ ಮೆಟ್ಟಿಲು ಇಳಿದು ಬಂದಾಗ ಓವರ್ಸೀಯರು ಕಾರಿನ ಒಳಗೆ ಒಮ್ಮೆ ಇಣುಕಿ, ಹೆಂಡತಿಯ ಕಡೆ ತಿರುಗಿ, "ನೀನು ಇನ್ನೊಂದ್ಸಲ ಬರುವೆಯಂತೆ ಕಣೇ" ಎಂದರು. ಗೌರವಕ್ಕೆ ಹೇಳಿದ ಹಾಗಿತ್ತು, ಮನೆಯವರನ್ನು ಬಿಟ್ಟು ಪರರನ್ನು ಕರೆದೊಯ್ಯುವುದು ದೊಡ್ಡತನ ಎನ್ನುವ ಹಾಗೆ. ಹೊರಡುವ ಮುಂಚೆ ಶೆಟ್ಟರ ಮನೆಯ ಬೀಗದ ಕೈ ಅಕ್ಕನ ಕೈಗೆ ಹೋಯಿತು. ನಮ್ಮ ಮನೆಯದೂ ಹೋಯಿತು.

ಆ ಮೇಲೆ ಇದೇ ಪದ್ಧತಿಯಾಯಿತು. ಹೆಗ್ಗನಹಳ್ಳಿಯಲ್ಲಿ ಯಾರದೋ ಮದುವೆಯೆಂದರೆ ಕಾರು ತುಂಬುತ್ತಿತ್ತು. ಹೇರೋಹಳ್ಳಿಯಲ್ಲಿ ತರಕಾರಿ ಸೋವಿ ಎಂದರೆ ತುಂಬುತ್ತಿತ್ತು, ಬರುವಾಗ ಕುಂಬಳಕಾಯಿಗಳೂ ಸೇರುತ್ತಿದ್ದವು. ಪ್ರತಿಸಲವೂ ಅಕ್ಕ ಸೀರೆ ಉಟ್ಟು ಬಾಗಿಲಿಗೆ ಬರುವುದು, ಇನ್ನೊಂದ್ಸಲ ಎನ್ನಿಸಿಕೊಂಡು ಬೀಗದ ಕೈಗಳ ಗೊಂಚಲು ಹಿಡಿದು ಒಳಗೆ ಹೋಗುವುದು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಮ್ಮ ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು. ಆದರೆ ಉಪಕಾರ ನಮ್ಮದಾಗಿದ್ದರಿಂದ ಆ ಗಾದೆ ನಮಗೆ ಯಾರಿಗೂ ನೆನಪಿಗೆ ಬರಲಿಲ್ಲ.

ಒಮ್ಮೆ ಹೇರೋಹಳ್ಳಿ ಕೆರೆ ಏರಿಯ ಹತ್ತಿರ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ನಾವು ಹನ್ನೆರಡು ಜನ ಇಳಿದು, ಪಂಚೆ ಎತ್ತಿ ಕಟ್ಟಿ, ನೂಕಿ ಮೇಲೆತ್ತಿದೆವು. ಮೈಯೆಲ್ಲ ಕೆಸರು ಮೆತ್ತಿಕೊಂಡು ನಿಂತಿದ್ದ ನನ್ನನ್ನು ನೋಡಿ ಓವರ್ಸೀಯರು ಹೆಮ್ಮೆಯಿಂದ ಹೇಳಿದರು: "ನೋಡಿದ್ರಾ ಮೇಷ್ಟ್ರೇ, ಐದೇ ಜನ ಬಂದಿದ್ರೆ ಈ ಗಾಡಿ ಎದ್ದೇಳ್ತಿತ್ತಾ?" ಐದೇ ಜನ ಬಂದಿದ್ದರೆ ಅದು ಹೂತುಕೊಳ್ಳುತ್ತಲೇ ಇರಲಿಲ್ಲ ಎಂದು ಹೇಳಬೇಕೆಂದಿದ್ದೆ. ಬಾಯಲ್ಲಿ ಕೆಸರಿತ್ತು.

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಬ್ರೇಕನ್ನು ಜಾಸ್ತಿ ನಂಬಬೇಡಿ, ಹಾರ್ನನ್ನು ನಂಬಿ ಎನ್ನುವುದೇ ಅವರ ಪಾಠದ ಸಾರ. ಹಾಗೆ ಕಲಿತ ನಾನು ಇವತ್ತಿಗೂ ಬದುಕಿದ್ದೇನೆ, ದಾರಿಹೋಕರೂ ಬದುಕಿದ್ದಾರೆ.

ಇನ್ನು ತೆರಿಗೆಯ ಕತೆಗೆ ಬರುತ್ತೇನೆ. ಕಾರಿನ ನಂಬರು ಮದ್ರಾಸ್ ಪ್ರಾಂತ್ಯದ್ದು. ವರ್ಷದೊಳಗೆ ಅದಕ್ಕೆ ಮೈಸೂರಿನ ನಂಬರು ಹಾಕಿಸಿಕೊಳ್ಳಬೇಕು, ಆಮೇಲೆ ಇಲ್ಲಿನ ತೆರಿಗೆ ಕಟ್ಟಿ, ಕಟ್ಟಿದ್ದಕ್ಕೆ ಕೊಡುವ ದುಂಡನೆಯ ಕಾಗದವನ್ನು ಮುಂದಿನ ಗಾಜಿಗೆ ಅಂಟಿಸಬೇಕು. ನಾಳೆ ನಾಡಿದ್ದು ಎಂದು ವರ್ಷ ಮುಗಿಯುವ ತನಕ ತಳ್ಳಿ, ಒಂದು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಟಾರು ಕಚೇರಿಗೆ ಹೊರಟರು. ಅಲ್ಲಿದ್ದ ಇನ್‌ಸ್ಪೆಕ್ಟರು ವಯಸ್ಸಾದವರು, ನಶ್ಯದ ಗಿರಾಕಿ. ಕುರ್ಚಿ ಬಿಟ್ಟು ಏಳಲಿಲ್ಲ. ಕಿಟಕಿಯಿಂದ ಕಾರಿನ ಕಡೆ ಒಮ್ಮೆ ನೋಡಿ, ಎಂಜಿನ್ನಿನ ನಂಬರು ಕೇಳಿ ಬರೆದುಕೊಂಡು, ತಲೆ ಎತ್ತದೆಯೇ, ಇದರಲ್ಲಿ ಎಷ್ಟು ಜನ ಕೂರ್ತಾರ್ರೀ ಎಂದು ಕೇಳಿದರು.

ಐದು ಎನ್ನುವ ಉತ್ತರ ಎಷ್ಟು ಸುಲಭ. ಎರಡೇ ಅಕ್ಷರ. ಆದರೆ ಓವರ್ಸೀಯರಿಗೆ ಅದು ಸರ್ಕಾರ ಕೇಳಿದ ಪ್ರಶ್ನೆಯಾಗಿ ಕೇಳಿಸಲಿಲ್ಲ, ನೆಂಟರು ಕೇಳಿದ ಹಾಗೆ ಕೇಳಿಸಿತು. ಎದೆ ಉಬ್ಬಿತು. "ಹನ್ನೆರಡು ಜನ ಸಾರ್. ಆರಾಮಾಗಿ" ಎಂದರು. ಇನ್‌ಸ್ಪೆಕ್ಟರು ತಲೆ ಎತ್ತಿದರು. ಆ ಮುಖದಲ್ಲಿ ಆಶ್ಚರ್ಯ ಸಾಲದೆಂದು ಇವರಿಗೆ ಕಂಡಿರಬೇಕು, ಅಂಗೈಗಳು ದೂರ ಸರಿದವು. "ತೊಡೆ ಮೇಲೆ ಕೂರೋ ಮಕ್ಕಳನ್ನ ಬಿಟ್ಟು" ಎಂದು ಸೇರಿಸಿದರು. ನಾನು ಹಿಂದಿನಿಂದ ಅಂಗಿ ಎಳೆದೆ. ಎಳೆದದ್ದು ಬೆಂಬಲಕ್ಕೆ ಎಂದುಕೊಂಡು, ಬೇಕಾದ್ರೆ ಮೇಷ್ಟ್ರನ್ನ ಕೇಳಿ ಅಂದರು. ಇನ್‌ಸ್ಪೆಕ್ಟರು ನನ್ನನ್ನೇನೂ ಕೇಳಲಿಲ್ಲ. ಒಂದು ಚಿಟಿಕೆ ನಶ್ಯ ಏರಿಸಿ, ಬರೆದುಕೊಂಡರು.

ಮುಂದಿನ ತಿಂಗಳು ನೋಟೀಸು ಬಂತು. ಹನ್ನೆರಡು ಜನ ಕೂರುವ ಗಾಡಿಯನ್ನು ಕಾರು ಎಂದು ಕರೆಯುವ ಪದ್ಧತಿ ಸರ್ಕಾರದಲ್ಲಿ ಇರಲಿಲ್ಲ. ಅದನ್ನು ಬಸ್ಸುಗಳ ವರ್ಗಕ್ಕೆ ಹಾಕಿದ್ದರು, ತೆರಿಗೆಯೂ ಬಸ್ಸಿನದೇ. ಒಂದು ವರ್ಷದ ತೆರಿಗೆಯೇ ಕಾರಿಗೆ ಕೊಟ್ಟ ಬೆಲೆಯ ಅರ್ಧದಷ್ಟಿತ್ತು. ಜೊತೆಗೆ, ಯಾವ ಊರಿನಿಂದ ಯಾವ ಊರಿಗೆ ಓಡಿಸುತ್ತೀರಿ, ಕಂಡಕ್ಟರ್ ಯಾರು, ಅಪಾಯ ಬಂದರೆ ಇಳಿಯಲು ಹಿಂದುಗಡೆ ಬಾಗಿಲು ಇದೆಯೇ ಎಂದೂ ಕೇಳಿದ್ದರು. ತಿಂಗಳೊಳಗೆ ಕಟ್ಟದಿದ್ದರೆ ಗಾಡಿ ಜಪ್ತಿ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಾರನೇ ದಿನ ಕಾರು ಹೊರಟಾಗ ಬೀದಿಯ ತುದಿಯಿಂದ ಯಾರೋ ರೈಟ್ ರೈಟ್ ಎಂದು ಕೂಗಿದರು. ಶೆಟ್ಟರು ಮಾರ್ಕೆಟ್ಟಿಗೆ ಒಂದು ಅರ್ಧ ಟಿಕೆಟ್ ಕೇಳಿದರು. ಇನ್ನೊಬ್ಬನಾಗಿದ್ದರೆ ನಾಚಿಕೆಯಿಂದ ಮನೆ ಸೇರುತ್ತಿದ್ದ. ಇವರು ಜಗಲಿಯ ಮೇಲೆ ನಿಂತು, ಬಸ್ಸಿನ ತೆರಿಗೆ ಬಿದ್ದಿರುವ ಕಾರು ಇಡೀ ರಾಜಾಜಿನಗರದಲ್ಲಿ ತಮ್ಮದೊಂದೇ ಎಂದು ಹೇಳಿಕೊಂಡರು. ಒಂದು ವಾರ ಆ ಹೆಮ್ಮೆಯಲ್ಲೇ ಕಳೆಯಿತು.

ವಾರದ ಮೇಲೆ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಮುಖ ಇಳಿದಿತ್ತು. ಕಾರು ಹೋದರೆ ಮನೆಯವಳ ಕಾಲಿಗೆ ಏನು ಗತಿ ಎಂದರು. ಆ ಕಾಲು ಆ ಕಾರಿನೊಳಗೆ ಇನ್ನೂ ಬಿದ್ದೇ ಇಲ್ಲವಲ್ಲ ಎನ್ನುವುದು ಅವರಿಗೆ ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಬರೆಯುವುದೇನು ದೊಡ್ಡದು, ಸೀಟು ಐದೇ, ಬಾಯಿತಪ್ಪಿ ಹನ್ನೆರಡು ಅಂದೆ, ಮನ್ನಿಸಿ ಎಂದರೆ ಮುಗಿಯಿತು ಎಂದೆ. ಅವರು ಎದ್ದು ನಿಂತುಬಿಟ್ಟರು. "ಆಡಿದ ಮಾತನ್ನ ವಾಪಸ್ ತಗೊಳ್ಳೋದಾ? ಅದೊಂದು ಬಿಟ್ಟು ಬೇರೆ ಏನಾದ್ರೂ ಬರೀರಿ ಮೇಷ್ಟ್ರೇ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಆದರೆ ಆಡಿದ ಮಾತಿಗೆ ತೆರಿಗೆ ಬಿದ್ದಿದ್ದನ್ನು ಅವತ್ತೇ ನೋಡಿದ್ದು.

ಅವರು ಕಂಡುಕೊಂಡ ಉಪಾಯ ಬೇರೆ. ಮತ್ತೆ ಮೋಟಾರು ಕಚೇರಿಗೆ ಹೋದೆವು. ಈ ಸಲ ಗುಮಾಸ್ತೆಯನ್ನು ದಾಟಿ ದೊಡ್ಡ ಅಧಿಕಾರಿಯ ಎದುರಿಗೇ ನಿಂತರು. ಹನ್ನೆರಡು ಎಂದದ್ದು ಸುಳ್ಳಲ್ಲ, ಆದರೆ ಆ ಹನ್ನೆರಡರಲ್ಲಿ ಏಳು ಜನ ತೊಡೆಯ ಮೇಲೆ ಕೂರುವವರು ಎಂದು ವಾದ ಹೂಡಿದರು. ಹೋದ ಸಲ ತೊಡೆಯವರನ್ನು ಬಿಟ್ಟು ಹನ್ನೆರಡು ಎಂದಿದ್ದು ಅವರಿಗೆ ಮರೆತೇ ಹೋಗಿತ್ತು.

"ತೊಡೆ ಮೇಲೆ ಕೂತವರು ಲೆಕ್ಕಕ್ಕಿಲ್ಲ ಸಾರ್" ಎಂದರು. "ಅವರು ಕೂತಿರೋದು ಮನುಷ್ಯರ ಮೇಲೆ, ಕಾರಿನ ಮೇಲಲ್ಲ. ಕಾರಿಗೆ ಟ್ಯಾಕ್ಸ್ ಹಾಕಿ, ತೊಡೆಗೆ ಹೇಗೆ ಹಾಕ್ತೀರಿ?"

ಅಧಿಕಾರಿ ಕಾನೂನಿನ ಪುಸ್ತಕ ತೆಗೆದು ಹಾಳೆ ತಿರುವಿದರು. ಇಂಥ ವಾದ ಅವರ ಸರ್ವಿಸಿನಲ್ಲಿ ಮೊದಲನೆಯದಿರಬೇಕು. ಕೊನೆಗೆ, ತೊಡೆಯ ವಿಷಯ ಕಾನೂನಿನಲ್ಲಿಲ್ಲ, ಮನೆಗೇ ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸುತ್ತೇನೆ, ಅವರು ನೋಡಿ ಬರೆದದ್ದೇ ಆಖೈರು ಎಂದರು. ಈ ಸಲವೂ ಹನ್ನೆರಡು ಎಂದು ಬರೆದರೆ ಅಲ್ಲಿಂದಲೇ ಕಾರನ್ನು ಕಚೇರಿಗೆ ತಂದು ನಿಲ್ಲಿಸಬೇಕು ಎಂದೂ ಹೇಳಿದರು. ಹೊರಗೆ ಬಂದು ಓವರ್ಸೀಯರು ನನ್ನ ಬೆನ್ನು ತಟ್ಟಿದರು, ಗೆದ್ದವರ ಹಾಗೆ. ಅವತ್ತು ಸಂಜೆ ಆ ತೊಡೆಯ ವಾದವನ್ನು ಮನೆಯಲ್ಲೂ ಜಗಲಿಯಲ್ಲೂ ಎರಡೆರಡು ಸಲ ಹೇಳಿದರು.

ಇನ್‌ಸ್ಪೆಕ್ಟರು ಬಂದದ್ದು ಒಂದು ಶನಿವಾರ ಬೆಳಗ್ಗೆ, ಸೈಕಲ್ಲಿನಲ್ಲಿ. ತೆಳ್ಳಗಿನ ಯುವಕ, ಕಂಕುಳಲ್ಲಿ ಛತ್ರಿ. ಆ ಹೊತ್ತಿಗೆ ನಮ್ಮ ಬೀದಿಯವರು ಅಂಗಳದಲ್ಲಿ ಸೇರಿ ಆಗಿತ್ತು. ಯಾರನ್ನೂ ಕರೆದಿರಲಿಲ್ಲ. ಓವರ್ಸೀಯರ ಕಾರಿನ ಮರ್ಯಾದೆ ಬೀದಿಯ ಮರ್ಯಾದೆ ಎಂದು ತಾವಾಗಿಯೇ ಬಂದಿದ್ದರು. ತೆರಿಗೆ ಕಮ್ಮಿಯಾಗಬೇಕಾದರೆ ಸೀಟೂ ಕಮ್ಮಿಯಾಗಬೇಕು ಎಂದು ನಾನು ಹಿಂದಿನ ದಿನವೇ ಶೆಟ್ಟರಿಗೆ ಬಿಡಿಸಿ ಹೇಳಿದ್ದೆ. ಶೆಟ್ಟರು ತಲೆದೂಗಿದ್ದರು. ಆದರೆ ಆ ಯುವಕ ಕಾರಿನ ಬಾಗಿಲು ತೆರೆದು, ಇದರಲ್ಲಿ ಹನ್ನೆರಡು ಜನ ಹೇಗೆ ಹಿಡಿಸ್ತಾರೆ ಎಂದು ನಕ್ಕದ್ದೇ ತಪ್ಪಾಯಿತು. ಶೆಟ್ಟರಿಗೆ ಅವಮಾನವಾಯಿತು. ಹೇಗೆ ಅಂದ್ರೆ ಹೀಗೆ ಎಂದು ಹೇಳಿ ತಾವು ಹತ್ತಿದರು, ಹೆಂಡತಿಯನ್ನು ಹತ್ತಿಸಿದರು, ಅತ್ತೆಯನ್ನು ಕೈ ಹಿಡಿದು ಹತ್ತಿಸಿದರು. ಉಳಿದವರು ಅಭ್ಯಾಸಬಲದಿಂದ ತಮ್ಮ ತಮ್ಮ ಜಾಗ ಹಿಡಿದರು. ಸದ್ಯ, ನಾನು ಹತ್ತಲಿಲ್ಲ. ನನ್ನ ಬದಲಿಗೆ ಹಾಲು ಹಾಕಲು ಬಂದಿದ್ದ ಹೆಗ್ಗನಹಳ್ಳಿಯ ಗೌಡರು ಕ್ಯಾನಿನ ಸಮೇತ ಫುಟ್‌ಬೋರ್ಡಿನ ಮೇಲೆ ನಿಂತರು. "ಹನ್ನೆರಡಲ್ಲ ಸಾರ್, ಎಣಿಸ್ಕೊಳ್ಳಿ, ಹದಿಮೂರು" ಎಂದರು ಶೆಟ್ಟರು ಒಳಗಿನಿಂದ. ಪ್ರೀತಿಯೂ ಮನುಷ್ಯನನ್ನು ಮುಳುಗಿಸುತ್ತದೆ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಯುವಕ ಜೇಬಿನಿಂದ ಪೆನ್ಸಿಲ್ ತೆಗೆದ. ಓವರ್ಸೀಯರ ಮುಖ ನೋಡಬೇಕಿತ್ತು. ಒಂದು ಕಣ್ಣಿನಲ್ಲಿ ಹೆಮ್ಮೆ, ಇನ್ನೊಂದರಲ್ಲಿ ಜಪ್ತಿ. ನನಗೆ ನಗು ಬಂತು, ಅಷ್ಟೇ ಮರುಕವೂ ಬಂತು.

ಆಗ ಅಕ್ಕ ಕಾಫಿ ಹಿಡಿದು ಬಾಗಿಲಿಗೆ ಬಂದರು. ಅವತ್ತೂ ಒಳ್ಳೆ ಸೀರೆಯನ್ನೇ ಉಟ್ಟಿದ್ದರು, ಅಭ್ಯಾಸವಾಗಿ ಹೋಗಿತ್ತಲ್ಲ. ಲೋಟ ಕೊಡುತ್ತಾ ಆ ಯುವಕನಿಗೆ ಹೇಳಿದರು, ಜೋರಾಗಿಯೇನೂ ಅಲ್ಲ: "ಹನ್ನೆರಡು ಅಂತ ಬರೀಬೇಡಿಪ್ಪ. ಅಷ್ಟು ಜನ ಹಿಡಿಸಲ್ಲ."

ಕಾರಿನೊಳಗಿನಿಂದ ಶೆಟ್ಟರು ಏನೋ ಹೇಳಲು ಹೋದರು. ಯುವಕ ಅವರನ್ನು ಕೈಸನ್ನೆಯಿಂದ ತಡೆದು, ನಿಮಗೆ ಹೇಗೆ ಗೊತ್ತಮ್ಮ ಎಂದು ಕೇಳಿದ.

"ಕಾರು ಬಂದು ವರ್ಷದ ಮೇಲಾಯ್ತು. ಪ್ರತಿಸಲ ಸೀರೆ ಉಟ್ಕೊಂಡು ಇದೇ ಬಾಗಿಲಿಗೆ ಬರ್ತೀನಿ, ಜಾಗ ಇಲ್ಲ ಅಂತಾರೆ. ಯಜಮಾನರ ಹೆಂಡ್ತಿ ನಾನು. ನಾನೊಬ್ಬಳು ಹಿಡಿಸದ ಗಾಡೀಲಿ ಹನ್ನೆರಡು ಜನ ಹೇಗೆ ಹಿಡಿಸ್ತಾರೆ?"

ಶೆಟ್ಟರ ಅತ್ತೆ ಮೊದಲು ಇಳಿದರು. ಆಮೇಲೆ ಒಬ್ಬೊಬ್ಬರೇ ಇಳಿದರು, ಗೌಡರು ಹಾಲಿನ ಕ್ಯಾನು ಎತ್ತಿಕೊಂಡು ತಮ್ಮ ಪಾಡಿಗೆ ನಡೆದುಬಿಟ್ಟರು. ಯುವಕ ಕಾಫಿ ಕುಡಿದು ಲೋಟ ಕೆಳಗಿಟ್ಟು, ಹಾಗಾದ್ರೆ ಎಷ್ಟು ಅಂತ ಬರೆಯಲಿ ಎಂದ. "ಐದು. ನನ್ನನ್ನೂ ಸೇರಿಸಿ ಐದು" ಎಂದರು ಅಕ್ಕ. ಅವನು ಓವರ್ಸೀಯರ ಕಡೆ ತಿರುಗಿ, ಕಾರು ನಿಮ್ಮದು, ಮಾತು ನಿಮ್ಮಿಂದ ಬರಬೇಕು ಎಂದ.

ಅವರ ಕೈಗಳು ವಾಡಿಕೆಯಂತೆ ಮೇಲೆದ್ದವು. ಎದುರುಬದುರಾಗಿ ನಿಂತವು. ಬಡಾವಣೆಯೆಲ್ಲ ನೋಡುತ್ತಿತ್ತು. ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ಬಾಗಿಲಿನ ಕಡೆ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಅಂಗೈಗಳು ಹತ್ತಿರ ಹತ್ತಿರ ಬಂದದ್ದನ್ನು ನಾನು ನೋಡಿದೆ. "ಐದು ಸಾರ್" ಎಂದರು, "ಆಕೆಯನ್ನೂ ಸೇರಿಸಿ." ಧ್ವನಿ ಅವರದಾಗಿರಲಿಲ್ಲ.

ಹೊಸ ತೆರಿಗೆಯ ದುಂಡು ಕಾಗದ ಗಾಜಿಗೆ ಅಂಟಿತು, ಮಾಮೂಲಿ ಕಾರಿನದು. ಮನುಷ್ಯ ಬದಲಾದರು ಎಂದು ಮಾತ್ರ ತಿಳಿಯಬೇಡಿ. ಸರ್ಕಾರವೇ ಮನೆಗೆ ಬಂದು ಎಣಿಸಿಕೊಟ್ಟ ಐದು ಸೀಟು ಮೈಸೂರು ರಾಜ್ಯದಲ್ಲಿ ಇನ್ನು ಯಾರಿಗಿದೆ ತೋರಿಸಿ ಎಂದು ಮಾರನೇ ದಿನದಿಂದಲೇ ಶುರು ಮಾಡಿದರು. ಆದರೆ ಮುಂದಿನ ಸೀಟು ಅಕ್ಕನದು ಎನ್ನುವುದು ಕಾಯಮಾಯಿತು. ಯಾರಾದರೂ ಆ ಕಡೆ ಕೈ ಹಾಕಿದರೆ, ಅದು ಸರ್ಕಾರ ಬರ್ಕೊಂಡಿರೋ ಸೀಟು, ಹಿಂದೆ ಹೋಗಿ ಎನ್ನುತ್ತಿದ್ದರು. ಮೊದಲ ಸಲ ಇಬ್ಬರೇ ಕೆಂಗೇರಿಯ ತನಕ ಹೋಗಿ ಬಂದರು. ಹೇಗಿತ್ತು ಅಕ್ಕ ಎಂದು ನನ್ನ ಹೆಂಡತಿ ಆಸೆಯಿಂದ ಕೇಳಿದಳು. ಧೂಳು ಜಾಸ್ತಿ ಎಂದರು ಅಕ್ಕ.

ಬೀದಿಯವರಿಗೆ ಇದು ಹಿಡಿಸಲಿಲ್ಲ. ಓವರ್ಸೀಯರ ಮನಸ್ಸು ದೊಡ್ಡದು, ಆಕೆಯಿಂದಾಗಿ ಕಾರು ಚಿಕ್ಕದಾಯಿತು ಎಂದು ಶೆಟ್ಟರು ಬಹಳ ದಿನ ಹೇಳಿಕೊಂಡು ತಿರುಗಿದರು. ಬಿಟ್ಟಿ ಸವಾರಿ ತಪ್ಪಿದವರ ಹೊಟ್ಟೆಯುರಿಗೆ ಧರ್ಮದ ಮಾತು ತಾನಾಗಿಯೇ ಒದಗುತ್ತದೆ. ಬೀಗದ ಕೈ ಇಟ್ಟುಕೊಳ್ಳುವವರು ಸಿಗದೆ ಅವರ ಮನೆಯವರು ಕೂಡಿ ಎಲ್ಲಿಗೂ ಹೋಗದಂತಾಯಿತು ಎನ್ನುವುದು ಬೇರೆ.

ಕೆಲವು ವರ್ಷ ಹೀಗೇ ನಡೆಯಿತು. ಆ ಮೇಲೆ ಒಂದು ಬೆಳಗ್ಗೆ ಹಿತ್ತಿಲಿನಲ್ಲಿ ಹೀರೆಬಳ್ಳಿಗೆ ನೀರು ಹಾಕುತ್ತಿದ್ದ ಓವರ್ಸೀಯರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಅಂಗಳದಲ್ಲಿ ಕಾರಿನ ಲೆಕ್ಕ ಹದಿನಾಲ್ಕಕ್ಕೆ ಮುಟ್ಟಿದ್ದು ಅವತ್ತೇ. ನನಗೆ ಅವರ ಮೇಲೆ ಇಷ್ಟು ಪ್ರೀತಿ ಇತ್ತೆಂದು ನನಗೂ ತಿಳಿದಿರಲಿಲ್ಲ. ಸಂಜೆ ಎದುರು ಜಗಲಿ ಖಾಲಿ ಕಂಡಾಗ ತಿಳಿಯಿತು.

ಅಸ್ಥಿಯನ್ನು ಶ್ರೀರಂಗಪಟ್ಟಣದ ಹೊಳೆಗೆ ಬಿಡುವುದೆಂದು ಗೊತ್ತಾಯಿತು. ಅವರ ಕಾರಿನಲ್ಲೇ ಹೋಗುವುದು, ಓಡಿಸುವುದು ನಾನು. ಕರ್ಮ ಮಾಡುತ್ತಿದ್ದವನು ಅವರ ತಮ್ಮನ ಮಗ. ಕೆಂಪು ಬಟ್ಟೆ ಸುತ್ತಿದ ಕುಡಿಕೆಯನ್ನು ಹಿಡಿದು ಅವನು ಹಿಂದೆ ಕೂತ. ಪುರೋಹಿತರು ಕೂತರು. ಕೊನೆಯ ಸೇವೆ ಎಂದು ಶೆಟ್ಟರು ಕೂತರು. ಅಕ್ಕನ ಅಣ್ಣ ತುಮಕೂರಿನಿಂದ ಬಂದಿದ್ದರು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಅವರು ಮುಂದೆ ಕೂತರು. ನಾನು ಸೇರಿ ಐದಾಯಿತು.

ನಾನು ಇಳಿದು ಹ್ಯಾಂಡಲ್ ಹಾಕುವುದರಲ್ಲಿದ್ದೆ. ಅಕ್ಕ ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲು ಇಳಿದು ಬಂದರು. ಹೆಂಗಸರು ಇದಕ್ಕೆಲ್ಲ ಬರುವ ಪದ್ಧತಿ ಇಲ್ಲ ಎಂದು ಪುರೋಹಿತರು ಒಳಗಿನಿಂದಲೇ ಹೇಳಿದರು. ಜಾಗವೂ ಇಲ್ಲವಲ್ಲ ಎಂದರು ಶೆಟ್ಟರು, ಐದು ಜನಕ್ಕಿಂತ ಹೆಚ್ಚು ಕೂರುವ ಹಾಗಿಲ್ಲ ಎಂದು ಈಗ ಅವರಿಗೆ ಕಾನೂನು ನೆನಪಾಗಿತ್ತು. ಅಕ್ಕ ಮುಂದಿನ ಬಾಗಿಲು ತೆಗೆದು ನಿಂತು, "ಇದು ನನ್ನ ಸೀಟು ಅಣ್ಣ, ಸರ್ಕಾರ ಬರ್ಕೊಂಡಿದೆ" ಎಂದರು. ಅಣ್ಣ ಇಳಿದು ಹಿಂದೆ ಹೋದರು. ಅವರಿಗೆ ಜಾಗ ಬಿಡಲು ಶೆಟ್ಟರು ಇಳಿಯಬೇಕಾಯಿತು. ಅಕ್ಕ ಸೆರಗಿನ ಗಂಟಿನಿಂದ ಮನೆಯ ಬೀಗದ ಕೈ ಬಿಚ್ಚಿ ಶೆಟ್ಟರ ಕೈಗೆ ಕೊಟ್ಟು, ಒಳಗೆ ಕೂತರು.

ಆಮೇಲೆ ಹಿಂದಕ್ಕೆ ತಿರುಗಿ, ಕುಡಿಕೆ ಕೊಡು ಎಂದು ಕೈ ಚಾಚಿದರು. ಹುಡುಗ ಪುರೋಹಿತರ ಮುಖ ನೋಡಿದ. ನಾನು ಹಿಡ್ಕೋತೀನಿ ದೊಡ್ಡಮ್ಮ, ಇಲ್ಲಿ ಜಾಗ ಇದೆ ಎಂದ.

"ಕೊಡಪ್ಪ, ನನ್ನ ತೊಡೆ ಮೇಲೆ ಕೂತ್ಕೊಳ್ಳಲಿ" ಎಂದರು ಅಕ್ಕ. "ತೊಡೆ ಮೇಲೆ ಕೂತವರು ಲೆಕ್ಕಕ್ಕಿಲ್ಲ ಅಂತ ಅವರೇ ಹೇಳಿದಾರೆ."

ಶೆಟ್ಟರು ನನ್ನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು ತಾವೇ ತಿರುಗಿಸಿದರು. ಅವತ್ತು ಅದು ಒಂದೇ ಸಲಕ್ಕೆ ಹೊರಟಿತು.